ಹಬ್ಬದ ದಿನ ಹೊರಗಾಗದ ಸೊಸೆ

ನನ್ನ ತಂಗಿ ಹಸಿ ಅಕ್ಕಿ ತಿನ್ನುತ್ತಿದ್ದಳು. ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದವಳು ಒಂದು ಕಲ್ಲು ತೆಗೆದು ಆಚೆ ಹಾಕುವುದು, ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವುದು, ಮತ್ತೆ ಕಲ್ಲು, ಮತ್ತೆ ನಾಲ್ಕು ಕಾಳು. ಭದ್ರಾವತಿಯ ಹಳೇನಗರದಲ್ಲಿ ಅವಳ ಗಂಡನ ಮನೆ. ಶಿವಮೊಗ್ಗದಿಂದ ಬಸ್ಸಿನಲ್ಲಿ ಹತ್ತು ಜನರ ಮೈ ತಾಗಿಸಿಕೊಂಡು ಬಂದ ನನಗೆ ಮಡಿಯ ಆ ಅಡುಗೆಮನೆಯೊಳಗೆ ಜಾಗವಿಲ್ಲ. ಹಾಗಾಗಿ ನಾನು ಬಾಗಿಲಾಚೆ ಮಣೆ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆ.

"ಏನೇ ಅದು, ಕೋಳಿ ಥರ ಕಾಳು ಹೆಕ್ತಿದೀಯ? ದೇವರ ಅಕ್ಕಿ ಎಂಜಲಾಗಲ್ವಾ?" ಅಂದೆ.

"ದೇವರದ್ದು ಬೇರೆ ಡಬ್ಬೀಲಿದೆ ಅಕ್ಕ. ಇದು ನಮ್ಮ ಊಟದ್ದು. ಏನೋ ಒಂಥರಾ ರುಚಿ, ಕೈ ಕೇಳೋದೇ ಇಲ್ಲ."

ನಗಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅವಳು ಮೊರ ಎತ್ತಿ ಒಂದು ಸಲ ಕೇರಿದಳು, ಕಿಟಕಿಯ ಬೆಳಕು ಅವಳ ಬೆರಳ ಮೇಲೆ ಬಿತ್ತು. ಉಗುರಿನಲ್ಲಿ ಬಣ್ಣವೇ ಇರಲಿಲ್ಲ. ತುಟಿಯೂ ಅಷ್ಟೇ, ಬೂದಿ ಬಳಿದ ಹಾಗಿತ್ತು. ದುರ್ಗಿಗುಡಿಯ ಶಾಲೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ವಿಜ್ಞಾನ ಪಾಠ ಮಾಡುತ್ತಿರುವವಳು ನಾನು. ಬಳಪ ತಿನ್ನುವ, ಅಕ್ಕಿ ತಿನ್ನುವ ಹುಡುಗಿಯರನ್ನು ಕಂಡರೆ ತಾಯಿಯನ್ನು ಕರೆಸಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತ ಬೈದು ಕಳಿಸುವವಳು. ಸ್ವಂತ ತಂಗಿಯ ಉಗುರು ನೋಡಲಿಕ್ಕೆ ನನಗೆ ಇಷ್ಟು ಕಾಲ ಬೇಕಾಯಿತು. ಕಾಫಿ ಲೋಟ ಕೆಳಗಿಟ್ಟೆ.

"ಮುಟ್ಟು ಸರಿಯಾಗಿ ಆಗ್ತಿದೆಯೇನೇ?" ಅಂತ ಕೇಳಿದೆ.

ಅವಳು ಜಗಲಿಯ ಕಡೆ ನೋಡಿ, "ಮೆಲ್ಲಗೆ ಅಕ್ಕ, ಮಾವ ಇದಾರೆ" ಅಂದಳು.

ಆ ಮಾವನ ವಿಷಯ ಇಲ್ಲೇ ಹೇಳಿಬಿಡಬೇಕು. ಎಂಬತ್ತರ ಹತ್ತಿರದ ವಯಸ್ಸು. ಬೀದಿಯ ಕೊನೆಯ ಸಣ್ಣ ದೇವಸ್ಥಾನಕ್ಕೆ ಅವರೇ ಅರ್ಚಕರು, ಮೊದಲು ಅವರ ತಂದೆ ಮಾಡುತ್ತಿದ್ದ ಪೂಜೆ. ದಿನಾ ನೈವೇದ್ಯ ಈ ಮನೆಯ ಅಡುಗೆಮನೆಯಿಂದಲೇ ಹೋಗಬೇಕು, ಅದೂ ಮಡಿಯಲ್ಲಿ. ಒಳ್ಳೆಯ ಮನುಷ್ಯ. ಸೊಸೆಯ ಮೇಲೆ ಒಂದು ದಿನವೂ ದನಿ ಎತ್ತಿದವರಲ್ಲ. ನನ್ನ ಅಮ್ಮ ತೀರಿಕೊಂಡಾಗ ಹದಿಮೂರು ದಿನವೂ ನಮ್ಮನೆಗೆ ಬಂದು ಕೂತು ಹೋಗಿದ್ದರು. ಅವರು ಕೆಟ್ಟವರಾಗಿದ್ದಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗಿರುತ್ತಿತ್ತು ಅಂತ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಅತ್ತೆ ಇರುವ ತನಕ ತೊಂದರೆ ಇರಲಿಲ್ಲ. ತಂಗಿ ಹೊರಗಾದರೆ ಮೂರು ದಿನ ಹಿಂದಿನ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಕೂತುಬಿಡುತ್ತಿದ್ದಳು, ಅಡುಗೆ ಅತ್ತೆಯದು. ಅತ್ತೆ ಹೋದ ಮೇಲೆ ಒಳಗಿರುವ ಹೆಂಗಸು ಅಂದರೆ ಇವಳೊಬ್ಬಳೇ. ಮಾಮೂಲಿ ದಿನವಾದರೆ ದೇವರಿಗೆ ಹಾಲು ಹಣ್ಣು, ಊಟ ಪಕ್ಕದ ಮನೆಯಿಂದ ಅಂತ ಹೇಗೋ ಸಾಗುತ್ತಿತ್ತು, ಹಬ್ಬ ತಿಥಿಗೆ ಅದು ನಡೆಯುವುದಿಲ್ಲ. ಅವಳ ಗಂಡ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ, ಮಾತಿಲ್ಲದ ಪ್ರಾಣಿ. ಮಗಳು ಆಗಿನ್ನೂ ಪ್ರೈಮರಿ ಶಾಲೆಯಲ್ಲಿದ್ದಳು. ಅತ್ತೆಯ ಮೊದಲ ವರ್ಷದ ತಿಥಿ ಬಂತು. ಸರಿಯಾಗಿ ಅದೇ ದಿನಕ್ಕೆ ಇವಳ ದಿನವೂ ಬೀಳುವ ಹಾಗಿತ್ತು. ಫೋನಿನಲ್ಲಿ ಗೊಳೋ ಅಂತ ಅತ್ತಳು.

"ಅದಕ್ಕೆಲ್ಲ ಅಳ್ತಾರಾ? ಮುಂದೆ ಹಾಕೋಕೆ ಮಾತ್ರೆ ಇದೆ ಮಾರಾಯ್ತಿ" ಅಂದೆ ನಾನು. "ನಮ್ಮ ಸವಳಂಗ ರಸ್ತೆ ಮನೆ ಗೃಹಪ್ರವೇಶಕ್ಕೆ ನಾನೂ ತಗೊಂಡಿದ್ದೆ. ಮೂರು ದಿನ ಮುಂಚೆ ಶುರು ಮಾಡು, ಕೆಲಸ ಮುಗಿದ ಮೇಲೆ ಬಿಡು. ಏನೂ ಆಗಲ್ಲ."

ಏನೂ ಆಗಲ್ಲ! ಎಷ್ಟು ಸಲೀಸಾಗಿ ಬಂತು ಆ ಮಾತು ನನ್ನ ಬಾಯಿಂದ. ದುರ್ಗಿಗುಡಿಯ ಮೆಡಿಕಲ್ ಶಾಪಿನಲ್ಲಿ ಕೇಳಿದೆ. ಚೀಟಿ ಇದೆಯಾ, ಯಾರಿಗೆ, ಎಷ್ಟು ವಯಸ್ಸು, ಒಂದನ್ನೂ ಅವರು ಕೇಳಲಿಲ್ಲ, ಪೇಪರಿನಲ್ಲಿ ಸುತ್ತಿ ಕೊಟ್ಟರು. ನಾನೇ ಬಸ್ಸಿನಲ್ಲಿ ಹೋಗಿ ಅವಳ ಕೈಗೆ ತಲುಪಿಸಿ ಬಂದೆ. ತಿಥಿ ಸಾಂಗವಾಗಿ ಆಯಿತು.

ಅಲ್ಲಿಗೇ ಮುಗಿದಿದ್ದರೆ ಈ ಕಥೆ ಬರೆಯಬೇಕಾಗಿರಲಿಲ್ಲ. ಅದೇ ವರ್ಷ ಗೌರಿ ಹಬ್ಬಕ್ಕೆ ಒಂದು ಸಲ, ನವರಾತ್ರಿಗೆ ಒಂದು ಸಲ, ರಥಸಪ್ತಮಿಗೆ ಒಂದು ಸಲ. ಒಂದು ದಿನ ಊಟಕ್ಕೆ ಕೂತ ಹತ್ತು ಜನರ ಎದುರಿಗೆ ಮಾವ ಹೇಳಿದರು, "ನಮ್ಮ ಸೊಸೆ ಪುಣ್ಯವಂತೆ ಕಣ್ರಯ್ಯಾ. ಹಬ್ಬದ ದಿನ ಒಂದು ಸಲವೂ ಹೊರಗಾಗಿದ್ದಿಲ್ಲ. ದೇವರಿಗೇ ಇವಳ ಕೈಯಡುಗೆ ಬೇಕು." ಬಡಿಸುತ್ತಿದ್ದ ನನ್ನ ತಂಗಿ ತಲೆ ತಗ್ಗಿಸಿ ಸಾರಿನ ಸೌಟು ಹಿಡಿದು ಮುಂದೆ ಹೋದಳು. ಆಮೇಲೆ ಹಿತ್ತಲಿನಲ್ಲಿ ಅಕ್ಕತಂಗಿಯರಿಬ್ಬರೂ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೇ ನಕ್ಕಿದ್ದು. "ದೇವರಲ್ಲ ಕಣೇ, ದುರ್ಗಿಗುಡಿ ಮೆಡಿಕಲ್ ಶಾಪು" ಅಂತ ನಾನು ಅಂದಿದ್ದೆ.

ಆ ಹೊಗಳಿಕೆ ಬೀದಿಯೆಲ್ಲ ಹರಡಿತು. ಮದುವೆಯ ದೇವರ ಸಮಾರಾಧನೆಗೆ, ಸತ್ಯನಾರಾಯಣ ಪೂಜೆಗೆ, ಯಾರ ಮನೆಯ ಮಡಿ ಅಡುಗೆಗಾದರೂ ಇವಳನ್ನೇ ಕರೆಯುವುದು. ಅಷ್ಟು ಹೆಸರು ಬಂದ ಮೇಲೆ ಒಂದು ಹಬ್ಬಕ್ಕೆ ಹೊರಗೆ ಕೂತರೆ ಹೇಗೆ? ಅರ್ಚಕರ ಮನೆಯಲ್ಲಿ ಹಬ್ಬವಿಲ್ಲದ ತಿಂಗಳು ಯಾವುದು ಹೇಳಿ ನೋಡೋಣ. ನಾನು ಅವಳಿಗೆ ಮಾತ್ರೆ ಕೊಟ್ಟಿದ್ದು ಒಂದೇ ಸಲ. ಆಮೇಲಿನದ್ದೆಲ್ಲ ಅವಳೇ ತರಿಸಿಕೊಂಡಿದ್ದು ಅಂತ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅದು ಸಮಾಧಾನ ಅಲ್ಲ, ಬರೀ ನುಣುಚಿಕೊಳ್ಳುವುದು.

ಆ ದಿನ ಬಾಗಿಲಾಚೆ ಮಣೆಯ ಮೇಲೆ ಕೂತು ಒಂದೊಂದಾಗಿ ಬಾಯಿ ಬಿಡಿಸಿದೆ. ಒಂದೂವರೆ ವರ್ಷದಿಂದ ಲೆಕ್ಕವೇ ತಪ್ಪಿದೆಯಂತೆ. ಮಾತ್ರೆ ಬಿಟ್ಟರೆ ಹತ್ತು ದಿನ, ಹದಿನೈದು ದಿನ ಹೋಗುತ್ತಲೇ ಇರುತ್ತದಂತೆ. ಸೀರೆಗೆ ತಾಗುತ್ತೆ ಅಂತ ಹಳೇ ಪಂಚೆ ಮಡಿಸಿ ಇಟ್ಟುಕೊಳ್ಳುವುದು, ಬೆಳಗಾಗುವ ಮುಂಚೆ ಒಗೆದು ಬಟ್ಟೆಗಳ ಕೆಳಗೆ ಒಣಗಿಸುವುದು. ನಿಲ್ಲದಿದ್ದಾಗ ಅದನ್ನು ನಿಲ್ಲಿಸಲಿಕ್ಕೂ ಮತ್ತೆ ಅದೇ ಮಾತ್ರೆ.

"ಯಾರಿಗಾದ್ರೂ ಹೇಳಿದ್ಯಾ?"

"ಪಕ್ಕದ ಮನೆಯವರಿಗೆ ಹೇಳಿದ್ದೆ. ನಿಲ್ಲೋ ವಯಸ್ಸಲ್ಲಿ ಎಲ್ಲರಿಗೂ ಹೀಗೇ ಅಂದ್ರು. ನಂಗೂ ನಲವತ್ತೇಳಾಯ್ತಲ್ಲ."

"ಮಾತ್ರೆ ಎಲ್ಲಿಟ್ಟಿದೀಯ? ತೋರಿಸು."

ಮೆಂತ್ಯದ ಡಬ್ಬಿ ತಂದಳು. ಮೆಂತ್ಯದ ಡಬ್ಬಿಗೆ ಆ ಮನೆಯಲ್ಲಿ ಯಾವ ಗಂಡಸೂ ಕೈ ಹಾಕುವುದಿಲ್ಲವಲ್ಲ. ಮೇಲೆ ಒಂದು ಹಿಡಿ ಮೆಂತ್ಯ, ಕೆಳಗೆ ಪೂರ್ತಿ ಮಾತ್ರೆಯ ಶೀಟು. ಅರ್ಧಕ್ಕಿಂತ ಹೆಚ್ಚು ಖಾಲಿ. ಖಾಲಿಯಾದದ್ದನ್ನು ಕಸಕ್ಕೆ ಹಾಕಿದರೆ ಯಾರಾದರೂ ನೋಡುತ್ತಾರೆ ಅಂತ ಅಲ್ಲೇ ಇಟ್ಟಿದ್ದಳು.

"ನಾಳೆ ಬೆಳಗ್ಗೆ ಹೊರಡು. ಆಸ್ಪತ್ರೆಗೆ" ಅಂದೆ.

"ಶ್ರಾವಣ ಮುಗೀಲಿ ಅಕ್ಕ. ವರಮಹಾಲಕ್ಷ್ಮಿ ಹತ್ರ ಬಂತು. ಆಮೇಲೆ ಖಂಡಿತ ಬರ್ತೀನಿ."

"ಶ್ರಾವಣ ಅಂತೆ ಶ್ರಾವಣ! ನಿನ್ನ ಮುಖ ಕನ್ನಡೀಲಿ ನೋಡ್ಕೊಂಡಿದೀಯಾ? ಬಿಳೀ ಗೋಡೆ ಪಕ್ಕ ನಿಂತ್ರೆ ನೀನ್ಯಾವುದು ಗೋಡೆ ಯಾವುದು ಅಂತ ಗೊತ್ತಾಗಲ್ಲ!"

ನನ್ನ ದನಿ ಏರಿತೆಂದು ಅವಳು ಗಾಬರಿಯಿಂದ ಎದ್ದಳು. ಎದ್ದವಳು ಹಾಗೇ ನಿಂತಳು. ಒಂದು ಕೈ ಗೋಡೆ ಹುಡುಕಿತು, ಇನ್ನೊಂದು ಕೈಯ ಮೊರ ವಾಲಿ ಅಕ್ಕಿಯೆಲ್ಲ ನೆಲದ ಮೇಲೆ ಚೆಲ್ಲಿತು. ಗೋಡೆಗೆ ಬೆನ್ನು ಒತ್ತಿಕೊಂಡು ಮೆಲ್ಲಗೆ ಜಾರಿ ಕೂತಳು. ಮಡಿಯೂ ಇಲ್ಲ ಮೈಲಿಗೆಯೂ ಇಲ್ಲ, ನಾನು ಒಳಗೆ ನುಗ್ಗಿ ಅವಳನ್ನು ಹಿಡಿದುಕೊಂಡೆ. ಮೈ ತಣ್ಣಗಿತ್ತು, ಕಿವಿಯ ಹಿಂದೆಲ್ಲ ಬೆವರು.

"ಏನಮ್ಮಾ ಅದು ಶಬ್ದ?" ಅಂತ ಜಗಲಿಯಿಂದ ಮಾವ ಕೇಳಿದರು.

ಕಣ್ಣು ಬಿಡಲಾಗದ ನನ್ನ ತಂಗಿ ನನ್ನ ತೋಳಿನಲ್ಲಿ ಒರಗಿಕೊಂಡೇ ಉತ್ತರ ಕೊಟ್ಟಳು, "ಏನಿಲ್ಲ ಮಾವ, ಮೊರ ಬಿತ್ತು."

ಮಾರನೇ ದಿನ ಅವಳ ಗಂಡನೂ ನಾನೂ ಸೇರಿ ಶಿವಮೊಗ್ಗಕ್ಕೆ ಕರೆದುಕೊಂಡು ಬಂದೆವು. ದಾರಿಯುದ್ದಕ್ಕೂ ಅವರು "ನಂಗೆ ಹೇಳಲೇ ಇಲ್ಲ ನೋಡಿ" ಅನ್ನುತ್ತಿದ್ದರು. ನಾಲ್ಕನೇ ಸಲ ಅಂದಾಗ ನನಗೆ ತಡೆಯಲಿಲ್ಲ. "ನೀವು ಕೇಳಿದ್ರಾ?" ಅಂದೆ. ಅಲ್ಲಿಂದ ಆಸ್ಪತ್ರೆಯವರೆಗೆ ಅವರು ಆಟೋದ ಹೊರಗೆ ನೋಡುತ್ತಾ ಕೂತರು. ಪಾಪ ಅನ್ನಿಸಿತು, ಆದರೆ ಆಡಿದ ಮಾತು ವಾಪಸ್ ತೆಗೆದುಕೊಳ್ಳಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ ಏನೂ ಹೇಳದೆ ಮೊದಲು ರಕ್ತ ಪರೀಕ್ಷೆಗೆ ಕಳಿಸಿದರು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಐದಿತ್ತು. "ಇದರಲ್ಲಿ ಮೆಟ್ಟಿಲು ಹೇಗೆ ಹತ್ತಿ ಬಂದ್ರಿ ನೀವು?" ಅಂದರು. ಅವಳು ಬರೀ ಮೆಟ್ಟಿಲು ಹತ್ತಿದ್ದಲ್ಲ, ಹಿಂದಿನ ವಾರ ನಲವತ್ತು ಜನಕ್ಕೆ ಒಬ್ಬಳೇ ಅಡುಗೆ ಮಾಡಿದ್ದಳು. ಸ್ಕ್ಯಾನಿಂಗ್ ಆಯಿತು. ಗರ್ಭಕೋಶದ ಒಳಪದರ ದಪ್ಪವಾಗಿದೆ, ರಕ್ತ ಕೊಟ್ಟು ಸ್ವಲ್ಪ ಸುಧಾರಿಸಿದ ಮೇಲೆ ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದರು.

"ಕ್ಯಾನ್ಸರಾ ಡಾಕ್ಟ್ರೇ?" ಕೇಳಿದ್ದು ನಾನು.

"ಹೌದು ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ರಿಪೋರ್ಟ್ ಬರ್ಲಿ" ಅಂದರು. ಆಮೇಲೆ ಮೆಂತ್ಯದ ಡಬ್ಬಿಯಿಂದ ನಾನು ತಂದಿದ್ದ ಶೀಟು ತಿರುಗಿಸಿ ನೋಡಿ, "ಇದನ್ನ ನಿಮಗೆ ಕೊಟ್ಟಿದ್ಯಾರು?" ಅಂತ ತಂಗಿಯನ್ನು ಕೇಳಿದರು.

ತಂಗಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಮೆಡಿಕಲ್ ಶಾಪಲ್ಲಿ ನಾನೇ ಕೇಳಿ ತಗೊಂಡೆ ಡಾಕ್ಟ್ರೇ."

ಬಸ್ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೂ ಬಸ್ ನಿಲ್ಲಿಸಿ ಜಗಳವಾಡುವ ನಾನು, ಆಗ ತಲೆ ಎತ್ತಿ ಫ್ಯಾನು ತಿರುಗುವುದನ್ನು ನೋಡುತ್ತಾ ನಿಂತೆ. "ಅಲ್ಲ ಡಾಕ್ಟ್ರೇ, ನಾನು" ಅನ್ನಲು ಒಂದು ಕ್ಷಣ ಸಾಕಾಗಿತ್ತು. ಅನ್ನಲಿಲ್ಲ.

ಡಾಕ್ಟರಮ್ಮ ಬೈಯಲಿಲ್ಲ. "ಈ ಮಾತ್ರೆಯಿಂದಲೇ ಹೀಗಾಯ್ತು ಅಂತ ನಾನು ಹೇಳ್ತಿಲ್ಲ. ಡಾಕ್ಟರು ನೋಡಿ ಕೊಟ್ರೆ ಇದೇ ಔಷಧಿ. ಆದ್ರೆ ಇಷ್ಟೊಂದು ರಕ್ತ ಹೋಗ್ತಿದೆ ಅಂದ್ರೆ ಒಳಗೆ ಏನೋ ಸರಿಯಿಲ್ಲ ಅಂತ ಮೈ ಹೇಳ್ತಾ ಇತ್ತು. ನೀವು ಪ್ರತಿ ಸಲ ಅದರ ಬಾಯಿ ಮುಚ್ಚಿಸಿದ್ರಿ" ಅಂದರು.

ಮೂರು ಬಾಟಲಿ ರಕ್ತ ಕೊಟ್ಟರು. ಆಮೇಲೆ ಚೂರು ತೆಗೆದು ಕಳಿಸಿದರು. ರಿಪೋರ್ಟ್ ಬರಲಿಕ್ಕೆ ಹತ್ತು ದಿನ. ಆ ಹತ್ತು ದಿನ ಅವಳು ನಮ್ಮನೆಯಲ್ಲೇ ಇದ್ದಳು.

ಭಯ ಅಂದರೆ ಏನು ಅಂತ ಐವತ್ತೈದು ವರ್ಷ ತುಂಬಿದ ಮೇಲೆ ಕಲಿತೆ. ಅವಳು ಬಚ್ಚಲಿಗೆ ಹೋದರೆ ನಾನು ಹೊರಗೆ ನಿಂತು ನೀರಿನ ಸದ್ದು ಕೇಳುತ್ತಿದ್ದೆ, ಸದ್ದು ನಿಂತರೆ ಬಾಗಿಲು ಬಡಿಯುತ್ತಿದ್ದೆ. "ಸ್ನಾನಕ್ಕೂ ಬಿಡಲ್ವಾ ಮಾರಾಯ್ತಿ ನೀನು" ಅಂತ ಒಳಗಿನಿಂದ ಅವಳು ಬೈದರೆ ಸಮಾಧಾನ. ಶಾಲೆಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆಯುತ್ತಾ ಅರ್ಧಕ್ಕೆ ನಿಂತು ಏನು ಬರೆಯುತ್ತಿದ್ದೆ ಅನ್ನುವುದೇ ಮರೆತುಹೋಗುತ್ತಿತ್ತು. ಆ ಮೆಡಿಕಲ್ ಶಾಪಿನ ಮುಂದೆ ಹಾಯಲಾರದೆ ಒಂದು ಬೀದಿ ಸುತ್ತಿ ಮನೆಗೆ ಬರುತ್ತಿದ್ದೆ. ಮೊಬೈಲಿನಲ್ಲಿ ಓದಬಾರದ್ದನ್ನೆಲ್ಲ ಓದಿದೆ. ಇವರು, ನನ್ನ ಗಂಡ, ಒಂದು ದಿನ ಫೋನ್ ಕಿತ್ತುಕೊಂಡು ಪಂಚೆಯ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದರು.

ಅವಳಾದರೋ ಸಾವಿನ ಮಾತೇ ಎತ್ತಲಿಲ್ಲ. ಬೀನ್ಸಿನ ನಾರು ತೆಗೆಯುತ್ತಾ ಒಂದು ಸಂಜೆ ಹೇಳಿದಳು, "ಅಕ್ಕ, ಅದೇ ಆಗಿದ್ರೆ ಎಲ್ಲರಿಗೂ ಹೊಟ್ಟೇದು ಅಂತ ಹೇಳು. ಗರ್ಭಕೋಶದ್ದು ಅನ್ನಬೇಡ."

"ಯಾಕೆ? ಗರ್ಭಕೋಶ ಏನು ಕದ್ದು ತಂದಿದ್ದಾ?"

"ಮಗಳಿಗೆ ಗಂಡು ನೋಡಬೇಕಲ್ಲ ಅಕ್ಕ. ತಾಯಿಗೆ ಅಂಥದ್ದಿತ್ತು ಅಂದ್ರೆ ಯಾರು ಬರ್ತಾರೆ? ಮಾವನಿಗೂ ಹೊಟ್ಟೆಹುಣ್ಣು ಅಂತಲೇ ಹೇಳಿದೀವಿ."

ಹೊಟ್ಟೆಹುಣ್ಣು! ಮೂರು ಬಾಟಲಿ ರಕ್ತ ಏರಿಸಿಕೊಂಡು ಬಂದಿದ್ದಾಳೆ, ಮನೆಯ ಹಿರಿಯರಿಗೆ ಹೊಟ್ಟೆಹುಣ್ಣು. ಸಿಟ್ಟಿನಿಂದ ಎದ್ದು ಹೋದೆ. ಹಿತ್ತಲಿನಲ್ಲಿ ನಿಂತು ಅತ್ತುಬಿಟ್ಟೆ. ಅವಳು ಸತ್ತೇ ಹೋದರೂ ಯಾಕೆ ಸತ್ತಳು ಅಂತ ಗಟ್ಟಿಯಾಗಿ ಹೇಳುವ ಹಾಗಿಲ್ಲ ಅನ್ನುವುದು ಆವಾಗ ತಲೆಗೆ ಹೋಯಿತು.

ಸೋಮವಾರ ರಿಪೋರ್ಟ್ ಬಂತು. ಡಾಕ್ಟರಮ್ಮ ಓದುವಾಗ ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಕ್ಯಾನ್ಸರ್ ಅಂತ ಅದರಲ್ಲಿ ಇರಲಿಲ್ಲ. ಆದರೆ ಜೀವಕೋಶಗಳು ಬದಲಾಗಿವೆ, ಅದೇ ದಾರಿ ಹಿಡಿದಿವೆ, ಹೀಗೇ ಬಿಟ್ಟರೆ ಅಲ್ಲಿಗೇ ಹೋಗುತ್ತವೆ. ಗರ್ಭಕೋಶ ತೆಗೆಯಬೇಕು, ಗುರುವಾರವೇ. ತೆಗೆದದ್ದನ್ನೂ ಪೂರ್ತಿ ಪರೀಕ್ಷೆ ಮಾಡಿದ ಮೇಲೆಯೇ ಕೊನೆಯ ಮಾತು. ನಾನು ಅರ್ಧ ಉಸಿರು ಬಿಟ್ಟೆ, ಉಳಿದರ್ಧ ಎದೆಯಲ್ಲೇ ಕೂತಿತು.

ತಂಗಿ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದಳು. "ತೆಗೆದ ಮೇಲೆ ಮತ್ತೆ ಯಾವತ್ತೂ ಆಗಲ್ಲ ಅಲ್ವಾ ಡಾಕ್ಟ್ರೇ?"

"ಆಗಲ್ಲ."

"ಹಾಗಾದ್ರೆ ವರ್ಷವಿಡೀ ಒಳಗೇ ಇರಬಹುದು" ಅಂದಳು. ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು ಕಂಡಿತು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನ ಕಡೆ ನೋಡಿದರು.

ಮಂಗಳವಾರ ಶಾಲೆ ಮುಗಿಸಿ ಅವಳ ಬಟ್ಟೆಬರೆ ತರಲು ಭದ್ರಾವತಿಗೆ ಹೋದೆ. ಅವಳ ಮಗಳಿಗೆ ಈಗ ಇಪ್ಪತ್ತು, ಶಿವಮೊಗ್ಗದಲ್ಲಿ ಡಿಗ್ರಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಆ ಹತ್ತೂ ದಿನ ಕಾಲೇಜಿಗೆ ಹೋಗಿಯೇ ಇರಲಿಲ್ಲ. ಒದ್ದೆ ಸೀರೆ ಸುತ್ತಿಕೊಂಡು ಒಲೆ ಮುಂದೆ ನಿಂತಿದ್ದಳು, ಸಂಜೆಯ ನೈವೇದ್ಯಕ್ಕೆ ಅವಲಕ್ಕಿ ಕಲಸುತ್ತಿದ್ದಳು. ಬೆನ್ನ ಕಡೆಯಿಂದ ನೋಡಿದರೆ ಥೇಟ್ ಅವಳ ಅಮ್ಮ.

"ಒಗ್ಗರಣೆಗೆ ಸಾಸಿವೆ ಎಲ್ಲಿದೆಯೋ, ಅಮ್ಮ ಎಲ್ಲೆಲ್ಲೋ ಇಡ್ತಾಳೆ ದೊಡ್ಡಮ್ಮ" ಅನ್ನುತ್ತಾ ಒಂದೊಂದೇ ಡಬ್ಬಿ ತೆರೆದು ನೋಡಿದಳು. ಮೆಂತ್ಯದ ಡಬ್ಬಿಯನ್ನು ಮಾತ್ರ ತೆರೆಯದೆ ಪಕ್ಕಕ್ಕೆ ಸರಿಸಿದಳು. ಅದು ನನ್ನ ಕಣ್ಣಿಗೆ ಬಿತ್ತು.

"ಅದನ್ನ ಈಚೆ ಕೊಡು" ಅಂದೆ.

"ಅದರಲ್ಲಿ ಮೆಂತ್ಯ ದೊಡ್ಡಮ್ಮ."

"ಗೊತ್ತು. ಕೊಡು."

ಹಳೇ ಶೀಟುಗಳನ್ನೆಲ್ಲ ಆ ದಿನವೇ ನಾನು ತೆಗೆದುಕೊಂಡು ಹೋಗಿದ್ದೆ. ಮೆಂತ್ಯದ ಕೆಳಗೆ ಕೈ ಹಾಕಿದರೆ ಹೊಸ ಶೀಟು. ಆರು ಮಾತ್ರೆ ಖಾಲಿ. ಅದನ್ನು ಅವಳ ಮುಖದ ಮುಂದೆ ಹಿಡಿದೆ.

"ಶುಕ್ರವಾರ ವರಮಹಾಲಕ್ಷ್ಮಿ" ಅಂದಳು ಹುಡುಗಿ. "ಅಮ್ಮ ಇಲ್ಲ. ನಾನೂ ಹೊರಗಾದ್ರೆ ಒಳಗಿರೋಕೆ ಒಬ್ರು ಬೇಕಲ್ಲ. ಈ ಒಂದು ಸಲ ಅಷ್ಟೇ."

"ನಿಮ್ಮಮ್ಮಂಗೆ ಏನಾಗಿದೆ ಗೊತ್ತೇನೇ ನಿಂಗೆ?"

"ಹೊಟ್ಟೆಹುಣ್ಣು."

ಅವಳಿಗೂ ಅದನ್ನೇ ಹೇಳಿದ್ದರು. ಮಗಳಿಗೂ! "ಈ ಮಾತ್ರೆ ಯಾರು ಹೇಳಿಕೊಟ್ರು ನಿಂಗೆ?" ಅಂತ ಕೂಗಿದೆ. ಅವಳು ಕಕ್ಕಾಬಿಕ್ಕಿಯಾಗಿ ನನ್ನ ಮುಖ ನೋಡಿದಳು.

"ನೀವೇ ಅಲ್ವಾ ದೊಡ್ಡಮ್ಮ ಅಮ್ಮಂಗೆ ಹೇಳಿಕೊಟ್ಟಿದ್ದು? ಅಮ್ಮ ಯಾವಾಗ್ಲೂ ಹೇಳ್ತಿರ್ತಾಳೆ, ಅಜ್ಜಿ ತಿಥಿ ದಿನ ದೊಡ್ಡಮ್ಮ ನನ್ನ ಮಾನ ಉಳಿಸಿದ್ಲು ಅಂತ."

ನಾನು ಅಲ್ಲೇ ಮಣೆಯ ಮೇಲೆ ಕೂತೆ. ಆಮೇಲೆ ಅವಳನ್ನು ಎದುರಿಗೆ ಕೂರಿಸಿಕೊಂಡು ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. ಅವಳಮ್ಮನ ರಕ್ತ, ರಿಪೋರ್ಟಿನಲ್ಲಿ ಬರೆದದ್ದು, ಗುರುವಾರದ ಆಪರೇಷನ್ನು. ಅವಳು ಬಿಕ್ಕುತ್ತಾ ಕೇಳಿದಳು. ಇವತ್ತಿನಿಂದಲೇ ಮಾತ್ರೆ ನಿಲ್ಲಿಸು, ಎರಡು ಮೂರು ದಿನಕ್ಕೆ ಆಗುತ್ತೆ, ಆದ ತಕ್ಷಣ ನನಗೆ ತಿಳಿಸು ಅಂದೆ.

"ಹಬ್ಬದ ದಿನವೇ ಆದ್ರೆ? ತಾತಂಗೆ ಏನಂತ ಹೇಳ್ಲಿ?"

"ತಾತನ ಹತ್ರ ನಾನು ಮಾತಾಡ್ತೀನಿ."

ಹೇಳುವುದು ಸುಲಭ. ಜಗಲಿಗೆ ಹೋಗುವ ಹತ್ತು ಹೆಜ್ಜೆಯಲ್ಲಿ ಎರಡು ಸಲ ನಿಂತು ಸೆರಗು ಸರಿಮಾಡಿಕೊಂಡೆ. ಅವರು ಪಂಚಾಂಗ ನೋಡುತ್ತಿದ್ದರು. ನನ್ನನ್ನು ಕಂಡು, "ಬಾರಮ್ಮ, ಹೊಟ್ಟೆಹುಣ್ಣು ಹೇಗಿದೆ ಅವಳಿಗೆ?" ಅಂದರು.

ನಿಂತೇ ಹೇಳಿದೆ. ಕೂತರೆ ಧೈರ್ಯ ಹೋಗುತ್ತದೆ ಅನ್ನಿಸಿತ್ತು. "ಹೊಟ್ಟೆಹುಣ್ಣಲ್ಲ ಮಾವ. ಗರ್ಭಕೋಶದ ಕಾಯಿಲೆ. ನಿಮ್ಮ ಸೊಸೆ ಹಬ್ಬದ ದಿನ ಹೊರಗಾಗದೆ ಇದ್ದಿದ್ದು ದೇವರಿಂದಲ್ಲ, ಮಾತ್ರೆಯಿಂದ. ಒಂಬತ್ತು ವರ್ಷ ನುಂಗಿದ್ದಾಳೆ. ಮೊದಲನೇದು ಕೊಟ್ಟಿದ್ದು ನಾನೇ. ಈಗ ನಿಮ್ಮ ಮೊಮ್ಮಗಳು ಶುರು ಮಾಡಿದ್ದಾಳೆ." ಕೈಯಲ್ಲಿದ್ದ ಶೀಟನ್ನು ಪಂಚಾಂಗದ ಪಕ್ಕ ಇಟ್ಟೆ.

ಅವರು ಅದನ್ನು ಮುಟ್ಟಲಿಲ್ಲ. ಕಿವಿಯ ತುದಿ ಕೆಂಪಾಗಿತ್ತು. "ಇದನ್ನೆಲ್ಲ ಗಂಡಸರ ಮುಂದೆ ಹೇಳ್ತಾರೇನಮ್ಮಾ?" ಅಂದರು.

"ಹೇಳದೆ ಇದ್ದಿದ್ದಕ್ಕೇ ಮಾವ ಹೀಗಾಗಿದ್ದು."

ಅವರು ಪಂಚಾಂಗ ಮುಚ್ಚಿ, ಮೆಲ್ಲಗೆ ಎದ್ದು, ಸಂಧ್ಯಾವಂದನೆಗೆ ಹೊತ್ತಾಯಿತು ಅಂತ ಒಳಗೆ ಹೋದರು. ನಾನು ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿದೆ. ಶಿವಮೊಗ್ಗ ಬರುವ ತನಕ ಒಂದೇ ಯೋಚನೆ. ಆ ಹುಡುಗಿಗೆ ಏನಂದಾರು? ನಾನು ಸತ್ಯ ಹೇಳಿದ್ದಕ್ಕೆ ಅವಳು ಅನುಭವಿಸಬೇಕಾಗುತ್ತದೆಯೇ? ಇನ್ನೊಬ್ಬಳನ್ನೂ ನಾನೇ ಕೈಯಾರೆ ಹಾಳುಮಾಡಿದೆನೇ?

ಗುರುವಾರ ಆಪರೇಷನ್ ಆಯಿತು. ಮೂರು ಗಂಟೆ ಹೊರಗೆ ಬೆಂಚಿನ ಮೇಲೆ ಅವಳ ಗಂಡನೂ ನಾನೂ ಕೂತಿದ್ದೆವು. ಮಾತಿಲ್ಲದ ಆ ಮನುಷ್ಯ ಒಂದೇ ಒಂದು ಮಾತಾಡಿದರು: "ನಾನು ಕೇಳಬೇಕಿತ್ತು." ನಾನು ಅವರಿಗೆ ಒಂದು ಲೋಟ ಕಾಫಿ ತಂದುಕೊಟ್ಟೆ. ಅವಳನ್ನು ಹೊರಗೆ ತಂದಾಗ ಮುಖ ಅದೇ ಬಿಳಿ, ಆದರೆ ಉಸಿರಾಡುತ್ತಿದ್ದಳು. ತೆಗೆದ ಗರ್ಭಕೋಶದಲ್ಲೂ ಕ್ಯಾನ್ಸರ್ ಇರಲಿಲ್ಲ ಅಂತ ಎರಡು ವಾರದ ಮೇಲೆ ಗೊತ್ತಾಯಿತು. ನಾನು ಕಾದ ಹಾಗೆ ಓದುವವರನ್ನೂ ಕಾಯಿಸುವುದು ಬೇಡ ಅಂತ ಈಗಲೇ ಹೇಳಿಬಿಟ್ಟೆ. ಆದರೆ ಆ ಗುರುವಾರ ನನಗೆ ಅದು ಗೊತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಆಸ್ಪತ್ರೆಯ ಆಚೆ ರಸ್ತೆಯಲ್ಲಿ ಹಬ್ಬದ ಹೂವು, ಬಾಳೆಕಂದು ಮಾರುವವರ ಗದ್ದಲ. ತಂಗಿ ಕಣ್ಣು ತೆರೆದು ಮಲಗಿದ್ದಳು. ಅಡುಗೆಮನೆಯ ಚಿಂತೆಯಲ್ಲೇ ಇದ್ದಾಳೆ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನ ಫೋನ್ ಸದ್ದು ಮಾಡಿತು. ಅವಳ ಮಗಳ ಮೆಸೇಜು.

"ದೊಡ್ಡಮ್ಮ, ಈಗ ಆಯ್ತು. ಹೊರಗೆ ಕೂತಿದೀನಿ. ತಾತಂಗೆ ನಾನೇ ಹೇಳ್ದೆ."

ಓದುತ್ತಿದ್ದ ಹಾಗೆ ಕಣ್ಣು ತುಂಬಿ ಅಕ್ಷರ ಕಲ್ಲೆಸೆದ ನೀರಿನ ಹಾಗಾಯಿತು. ಮುಟ್ಟಾಯಿತು ಅನ್ನುವ ಸುದ್ದಿಗೆ ದೇವರಿಗೆ ಕೈ ಮುಗಿದದ್ದು ನನ್ನ ಜನ್ಮದಲ್ಲಿ ಅದೇ ಮೊದಲು.

"ಯಾರದು ಅಕ್ಕ?" ಅಂದಳು ತಂಗಿ. ಇನ್ನು ಮುಚ್ಚಿಡುವುದು ಬೇಡ ಅಂತ ಅವಳಿಗೆ ಎಲ್ಲವನ್ನೂ ಹೇಳಿದೆ. ಮಗಳು ಮಾತ್ರೆ ತೆಗೆದುಕೊಂಡದ್ದು, ನಾನು ನಿಲ್ಲಿಸಿದ್ದು, ಜಗಲಿಯಲ್ಲಿ ಅವಳ ಮಾವನಿಗೆ ಹೇಳಿದ್ದು. ಅವಳು ಕೇಳುತ್ತಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಬೆರಳು ನೋಯುವಷ್ಟು ಬಿಗಿಯಾಗಿ.

"ಇವತ್ತು ಹಬ್ಬ. ಮಾವ ಏನಂದ್ರಂತೆ ಅವಳಿಗೆ? ಕೇಳು ಅಕ್ಕ, ಬೇಗ ಕೇಳು."

ಕೇಳಿದೆ. ಉತ್ತರ ಬರಲು ಎರಡು ನಿಮಿಷ ಆಗಿರಬಹುದು. ಅಷ್ಟು ಹೊತ್ತೂ ಇಬ್ಬರೂ ಆ ಫೋನಿನ ಗಾಜನ್ನೇ ನೋಡುತ್ತಿದ್ದೆವು. ಬಂದದ್ದನ್ನು ಗಟ್ಟಿಯಾಗಿ ಓದಿದೆ:

"ಏನೂ ಅನ್ಲಿಲ್ಲ. ಮಡಿ ಉಟ್ಟು ಅಡುಗೆಮನೇಲಿ ನಿಂತಿದ್ದಾರೆ. ಅಕ್ಕಿಗೆ ಎಷ್ಟು ನೀರು ಇಡ್ಬೇಕು ಅಂತ ಅಮ್ಮನ್ನ ಕೇಳಿ ಹೇಳ್ಬೇಕಂತೆ."

ನನ್ನ ತಂಗಿ ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ.

"ಒಂದಕ್ಕೆ ಎರಡೂವರೆ ಅಂತ ಹೇಳು ಅಕ್ಕ" ಅಂದಳು. "ನಮ್ಮನೇದು ಹಳೇ ಅಕ್ಕಿ."